ಮಾಳವ್ವನ ನಾಲ್ಕು ಜಾಗ

ಉಮರ್ಗಾ

ಬಸವಕಲ್ಯಾಣದ ಕ್ರಾಸ್ ದಾಟಿ ಬಸ್ಸು ಒಂದು ಡಾಬಾದ ಮುಂದೆ ನಿಂತಾಗ ಫೋನು ಮಹಾರಾಷ್ಟ್ರಕ್ಕೆ ಸ್ವಾಗತ ಕೋರಿತು. ಕೆಳಗಿಳಿದು ಕನ್ನಡದಲ್ಲಿ ಟೀ ಕೇಳಿದೆ. ಅಂಗಡಿಯವನು ಮರಾಠಿಯಲ್ಲಿ ಏನೋ ಅಂದ. ನಾನು ಹಿಂದಿಗೆ ತಿರುಗಿದೆ. ಅಷ್ಟರಲ್ಲಿ ಅವನ ಹೆಂಡತಿ ಒಳಗಿನಿಂದಲೇ, "ಸಕ್ರಿ ಕಮ್ಮಿ ಹಾಕ್ರಿ, ಮೈಸೂರ ಕಡಿಯವ್ರು ಅದಾರ" ಎಂದಳು. ಒಂದೇ ವಾಕ್ಯದಿಂದ ಆಕೆ ನನ್ನ ಊರನ್ನು ಕಂಡುಹಿಡಿದಿದ್ದಳು. ಊರು ಸರಿ, ಸಕ್ಕರೆ ತಪ್ಪು. ನಾನು ಎರಡು ಚಮಚ ಹಾಕಿಕೊಳ್ಳುವವನು. ಕೊಟ್ಟ ಸಪ್ಪೆ ಟೀಯನ್ನೇ ಕುಡಿದೆ.

ನಾನು ಹೋಗಿದ್ದು ಬೆಳಕು ಮಾಡಲು. ಉಮರ್ಗಾದ ಸುಧಾಕರ ಒಂದು ಸಣ್ಣ ನಾಟಕ ತಂಡ ನಡೆಸುತ್ತಾನೆ. ಗಡಿಯ ಈ ಕಡೆಯ ಕನ್ನಡದವರಿಗಾಗಿ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ, ಕುರಿಗಾರರ ದೇವರು ಬೀರಪ್ಪನ ಕಥೆ ಆಡಿಸುತ್ತಿದ್ದ. ಉಮರ್ಗಾ, ನಿಲಂಗಾ, ಉದಗೀರ, ಮೂರು ಊರು, ಮೂರು ಪ್ರಯೋಗ. ಈ ಸಲ ಮೊದಲ ಬಾರಿಗೆ ಸೊಲ್ಲಾಪುರದಿಂದ ಆರು ಮೂವಿಂಗ್ ಲೈಟ್ ಬಾಡಿಗೆಗೆ ತಂದಿದ್ದ. ಇವು ಕತ್ತು ತಿರುಗಿಸುವ ದೀಪಗಳು. ಎಲ್ಲಿ ನೋಡಬೇಕು, ಎಷ್ಟು ಹೊತ್ತಿನಲ್ಲಿ ತಿರುಗಬೇಕು, ಯಾವ ಬಣ್ಣ, ಎಲ್ಲವನ್ನೂ ಒಂದು ಮೇಜಿನ ಮುಂದೆ ಕುಳಿತು ಮೊದಲೇ ಬರೆದಿಡಬೇಕು. ಆ ಮೇಜನ್ನು ನಾವು ಬೋರ್ಡ್ ಅನ್ನುತ್ತೇವೆ. ಬರೆದಿಟ್ಟ ಒಂದೊಂದು ಹೆಜ್ಜೆಯೂ ಒಂದು ಕ್ಯೂ. ನಾಟಕದ ಹೊತ್ತಿನಲ್ಲಿ ನಾನು ಮಾಡುವುದು ಒಂದೇ ಕೆಲಸ: ಸರಿಯಾದ ಕ್ಷಣಕ್ಕೆ ಒಂದು ಗುಂಡಿ ಒತ್ತುವುದು.

ಈ ಐದು ದಿನಗಳನ್ನು ನಾನು ಮೂರು ಸಲ ಬರೆದು ಹರಿದಿದ್ದೇನೆ. ಪ್ರತಿ ಸಲವೂ ಕಥೆ ನೀಟಾಗಿ ಕೂರುತ್ತಿತ್ತು, ಅದೇ ಅನುಮಾನ ಹುಟ್ಟಿಸಿತು. ಒಂದು ಜಾಗದಲ್ಲಿ ನನ್ನ ನೆನಪು ಎರಡು ಥರ ಇದೆ. ಅಲ್ಲಿಗೆ ಬಂದಾಗ ಎರಡನ್ನೂ ಇಡುತ್ತೇನೆ.

ಉಮರ್ಗಾದ ಸಭಾಂಗಣ ಮದುವೆಗೂ ನಾಟಕಕ್ಕೂ ಮತದಾನದ ಪೆಟ್ಟಿಗೆ ಇಡುವುದಕ್ಕೂ ಆಗಿಬರುವಂಥದ್ದು. ಅದನ್ನು ನೋಡಿಕೊಳ್ಳುವ ಕಾಕಾ ಸಾಸ್ತೂರಿನವರು, ತೊಂಬತ್ಮೂರರ ಭೂಕಂಪದಲ್ಲಿ ನೆಲಸಮವಾದ ಊರಿನವರು. ನಾವು ಕಬ್ಬಿಣದ ಚೌಕಟ್ಟಿಗೆ ದೀಪಗಳನ್ನು ಕಟ್ಟಿ ಮೇಲಕ್ಕೆತ್ತಿದ ಮೇಲೆ ಅವರು ರಂಗದ ನಡುವೆ ಕಾಲಿಡಲೇ ಇಲ್ಲ. ಗೋಡೆ ಹಿಡಿದೇ ಓಡಾಡಿದರು. "ತಲಿ ಮ್ಯಾಲ ಇಷ್ಟ ಭಾರ ತೂಗಬಿಟ್ಟೀರಿ. ನಿಮಗ ನಿದ್ದಿ ಬರತದೇನ್ರಿ?" ಎಂದು ಕೇಳಿದರು. ನಾನು ಕೊಂಡಿಗಳನ್ನು ತೋರಿಸಿದೆ, ಎರಡನೆಯ ಸರಪಳಿ ತೋರಿಸಿದೆ. ಅವರು ತಲೆಯಾಡಿಸಿದರು, ಗೋಡೆ ಬಿಡಲಿಲ್ಲ.

ಅದೇ ಕಾಕಾ ಮಧ್ಯಾಹ್ನ ಊಟಕ್ಕೆ ಹೋಗುವಾಗ ಮೇನ್ ಸ್ವಿಚ್ ಆರಿಸಿ ಹೋದರು. ಮೂರು ಗಂಟೆ ಕಾಲ ಕೂತು ಬರೆದದ್ದು ಹೋಯಿತು. ನಾನು ಉಳಿಸಿಟ್ಟಿರಲಿಲ್ಲ. ಅವರು ಬಂದಾಗ ನನ್ನ ಮುಖ ನೋಡಿ, "ಯಾರೂ ಮಾತಾಡ್ಲಿಲ್ಲ, ಅದಕ್ಕ ಯಾರೂ ಇಲ್ಲಂತ ಬಂದ್ ಮಾಡಿದೆ" ಎಂದರು. ನಿಜ, ನಾನು ಮೂರು ಗಂಟೆ ಒಂದು ಮಾತೂ ಆಡಿರಲಿಲ್ಲ. ಮೈಸೂರಿನಲ್ಲಿ ಅದನ್ನು ಏಕಾಗ್ರತೆ ಎನ್ನುತ್ತಾರೆ. ಇಲ್ಲಿ ಅದು ಮನುಷ್ಯ ಇಲ್ಲದ ಲಕ್ಷಣ.

ಮಾಳವ್ವ ಬಂದದ್ದು ಆ ಹೊತ್ತಿಗೆ. ಅರವತ್ತು ದಾಟಿದ ಹೆಂಗಸು, ಕಾಸಾರಶಿರಸಿಯ ಕಡೆಯ ಕುರಿಗಾರರ ಮನೆಯವಳು, ನಾಟಕದಲ್ಲಿ ಬೀರಪ್ಪನ ಹಾಡು ಹಾಡುವವಳು. ಜೊತೆಗೆ ಡೊಳ್ಳು ಬಾರಿಸುವ ಅವಳ ತಮ್ಮ ಸಿದ್ದಪ್ಪ. ಅವನು ರಂಗದ ಮೇಲೆ ಒಂದು ಕರಿ ಕಂಬಳಿ ಹಾಸಿ ಅರಿಶಿನದ ಭಂಡಾರ ಉದುರಿಸಿದ. ಮಾಳವ್ವ ಬರಿಗಾಲಲ್ಲಿ ಅದರ ಮೇಲೆ ನಿಂತು ಹಾಡುವುದು ರೂಢಿ ಎಂದು ಸುಧಾಕರ ಹೇಳಿದ.

ಕರಿ ಕಂಬಳಿ ಬೆಳಕನ್ನು ನುಂಗುತ್ತದೆ. ಅದರ ಮೇಲೆ ಎಲೆಯ ನೆರಳಿನ ಚಿತ್ತಾರ ಬಿಡಬೇಕೆಂದು ನಾನು ಅಂದುಕೊಂಡಿದ್ದೆ. ಕಂಬಳಿ ತೆಗೆಯೋಣ ಎಂದೆ. ಸುಧಾಕರನಿಗೂ ಅದೇ ಬೇಕಿತ್ತು. "ನಿಂತಲ್ಲೇ ನಿಂತು ಹಾಡಿದರೆ ಈ ದೀಪ ತಂದದ್ದು ಯಾಕೆ? ಮಾವಶಿ ನಡೆಯಲಿ. ಹಿಂದಿನಿಂದ ಮುಂದಕ್ಕೆ, ನಾಲ್ಕು ಜಾಗ, ನಾಲ್ಕು ನುಡಿ. ಬೆಳಕು ಜೊತೆಗೆ ಬರಲಿ" ಎಂದ. ಮಾಳವ್ವನನ್ನು ಅವನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ. ಕಂಬಳಿ ಮಡಚಿದ್ದು ನಾನು. ಅಲುಗಾಡುತ್ತಿದ್ದ ಬೋರ್ಡಿನ ಕೆಳಗೆ ಒತ್ತುಕೊಟ್ಟದ್ದೂ ನಾನೇ. ಸಿದ್ದಪ್ಪ ಬಂದು ಸದ್ದಿಲ್ಲದೆ ಬೋರ್ಡಿನ ಒಂದು ಬದಿ ಎತ್ತಿ ಅದನ್ನು ಎಳೆದುಕೊಂಡ. "ಇದು ದೇವರು ಕೂಡೋ ಕಂಬಳಿ ರೀ ಸರ" ಎಂದ. ಬೈದಿದ್ದರೆ ಚೆನ್ನಾಗಿತ್ತು. ಅವನು ಅದರ ಬದಲಿಗೆ ತನ್ನ ಟವೆಲ್ ಮಡಚಿ ಒತ್ತು ಕೊಟ್ಟುಹೋದ.

ಮಾಳವ್ವ ಆಗಲಿ ಎಂದು ತಲೆಯಾಡಿಸಿದಳು. ಪ್ರಯೋಗದಲ್ಲಿ ಮಾತ್ರ ನಾಲ್ಕರಲ್ಲಿ ಒಂದು ಜಾಗಕ್ಕೂ ಸರಿಯಾಗಿ ಬರಲಿಲ್ಲ. ಬೆಳಕು ಒಂದು ಕಡೆ, ಅವಳು ಎರಡು ಹೆಜ್ಜೆ ಆಚೆ. ಕತ್ತಲಲ್ಲಿ ಒಂದು ಅದ್ಭುತ ದನಿ, ಬೆಳಕಿನಲ್ಲಿ ಬರಿ ಹಲಗೆ. ಜನ ಗೊಣಗಲಿಲ್ಲ. ಇಲ್ಲಿಯವರು ನಾಟಕದ ನಡುವೆ ಡಬ್ಬಿ ಬಿಚ್ಚಿ ಊಟ ಮಾಡುತ್ತಾರೆ, ಗುರುತಿನವರು ರಂಗಕ್ಕೆ ಬಂದರೆ ಕೂಗಿ ಮಾತಾಡಿಸುತ್ತಾರೆ. ಒಬ್ಬ ಅಜ್ಜ ಎದ್ದು ನಿಂತು, "ಯಕ್ಕಾ, ಆ ಕಡಿ ಸರಿ, ಮಾರಿ ಕಾಣವಲ್ದು!" ಎಂದ. ಅವಳು ಅಜ್ಜನ ದನಿಯ ಕಡೆ ಸರಿದಳು. ಅದು ತಪ್ಪು ದಿಕ್ಕು.

ಮುದುಕಿಗೆ ಹಟ ಎಂದುಕೊಂಡೆ. ಕಂಬಳಿ ತೆಗೆದ ಸಿಟ್ಟು ಎಂದುಕೊಂಡೆ.

ಕಾಸಾರಶಿರಸಿ

ನಿಲಂಗಾದ ದಾರಿಯಲ್ಲಿ ಕಾಸಾರಶಿರಸಿಯ ಸಂತೆಯ ಹತ್ತಿರ ಟೆಂಪೋ ನಿಲ್ಲಿಸಿದರು. ಸುಧಾಕರ ಮುಂದೆ ಹೋಗಿದ್ದ. ಮಾಳವ್ವನ ಅಣ್ಣನ ಮನೆಯಲ್ಲಿ ಸುಸಲಾ, ಅಂದರೆ ಚುರುಮುರಿ ನೆನೆಸಿ ಮಾಡಿದ ಉಪ್ಪಿಟ್ಟಿನಂಥದ್ದು, ಮತ್ತು ಶೇಂಗಾ ಹಿಂಡಿ, ನಮ್ಮ ಕಡಲೆಕಾಯಿ ಚಟ್ನಿಯಂಥದ್ದು, ಕೊಟ್ಟರು. ನಾನೂ ಮಾಳವ್ವನೂ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದೆವು. ಬಿಸಿಲು ಚೆನ್ನಾಗಿತ್ತು. ಅವಳು ದೂರದ ಬೇಲಿಯ ಮೇಲಿದ್ದ ಹಕ್ಕಿಯನ್ನು ತೋರಿಸಿ ಹೆಸರು ಹೇಳಿದಳು. ನಾನು ಟೀ ಲೋಟವನ್ನು ಅವಳ ಬಲಗೈಯ ಪಕ್ಕ ಇಟ್ಟೆ. ಅದನ್ನು ಹುಡುಕಲು ಅವಳು ಇಡೀ ತಲೆಯನ್ನು ತಿರುಗಿಸಿ, ಕೊಳವೆಯೊಳಗಿಂದ ನೋಡುವವರ ಹಾಗೆ, ಲೋಟದ ನೇರಕ್ಕೆ ಮುಖ ಒಡ್ಡಿದಳು.

"ಏನ್ ನೋಡ್ತಿ, ತಮ್ಮಾ?" ಎಂದಳು. ನಾನು ಅವಳ ಪಕ್ಕಕ್ಕಿದ್ದೆ. ನಾನು ನೋಡುತ್ತಿರುವುದು ಅವಳಿಗೆ ಕಾಣುವಂತಿರಲಿಲ್ಲ, ನಾನು ಮಾತು ನಿಲ್ಲಿಸಿದ್ದು ಕೇಳಿಸಿತ್ತು.

"ನಿಮಗೆ ಪಕ್ಕದ್ದು ಕಾಣಲ್ವಾ ಅಮ್ಮ?"

"ಪಕ್ಕದ್ದು ಹೋಗಿ ಭಾಳ ದಿನಾತು. ನಡುವಿಂದು ಅದ. ಬಿಸಿಲಾಗ ಹಕ್ಕಿ ಕಾಣತದ, ನಿನ್ನ ಮೀಸಿ ಕಾಣತದ. ನಿನ್ನ ದೀಪದಾಗ ಮಾತ್ರ ಏನಂದ್ರ ಏನೂ ಇಲ್ಲ. ಹಾಲಿನ ಕೊಡದಾಗ ಮುಣುಗಿದಂಗ ಆಗ್ತದ."

ಕಣ್ಣಿನೊಳಗಿನ ಒತ್ತಡ ಎಂದು ಡಾಕ್ಟರು ಹೇಳಿದ್ದಾರಂತೆ. ಹೋದದ್ದು ಬರುವುದಿಲ್ಲ, ಇದ್ದದ್ದು ಉಳಿದರೆ ಪುಣ್ಯ. ಇಷ್ಟು ದಿನ ಅವಳಿಗೆ ಕಂಬಳಿ ಸಾಕಾಗಿತ್ತು. ಅಂಗಾಲಿಗೆ ಉಣ್ಣೆ ಚುಚ್ಚಿದರೆ ಜಾಗಕ್ಕೆ ಬಂದೆ ಎಂದು ಲೆಕ್ಕ. ಡೊಳ್ಳು ಎಲ್ಲಿದೆ ಎಂದು ಕಿವಿ ಹೇಳುತ್ತಿತ್ತು. ಈಗ ಸಿದ್ದಪ್ಪನ ಡೊಳ್ಳಿಗೂ ಮೈಕು ಬಂದಿದೆ. ಸದ್ದು ಎರಡೂ ಬದಿಯ ಸ್ಪೀಕರ್ ಪೆಟ್ಟಿಗೆಗಳಿಂದ ಬರುತ್ತದೆ. "ಅವ ನನ್ನ ಹಿಂದ ನಿಂತು ಬಡೀತಾನ, ನನಗ ಗ್ವಾಡಿ ಬಡದಂಗ ಕೇಳತದ" ಎಂದು ನಕ್ಕಳು.

"ಸುಧಾಕರನಿಗೆ ಹೇಳಿ. ಕಂಬಳಿ ಹಾಸಿಸೋಣ."

"ಹೇಳಿದ್ರ ನಾಳೆಯಿಂದ ಅವನ ಅಣ್ಣನ ಮಗಳು ಹಾಡ್ತಾಳ. ಫೋನಿನ್ಯಾಗ ನನ್ನವೇ ಕೇಳಿ ಕೇಳಿ ಕಲ್ತಾಳ. ಕಣ್ಣೂ ಛಲೋ ಅವ ಆಕಿಗಿ." ಸ್ವಲ್ಪ ಹೊತ್ತು ಹಿಂಡಿ ನೆಕ್ಕಿದಳು. "ಉದಗೀರದಾಗ ನನ್ನ ಮಗಳು ರೇಣುಕಾ ಅದಾಳ. ಲಗ್ನ ಆಗಿ ಹೋದಾಗಿಂದ ನನ್ನ ಹಾಡಿಗಿ ಬಂದಿಲ್ಲ. ಬರಗೊಟ್ಟಿಲ್ಲ. ಬೀಗರಿಗಿ ನಾ ಹಾಡೋದು ನಾಚ್ಕಿ. ಮಂದಿ ಮುಂದ ಕುಣಿಯಾಕಿ ಅಂತಾರ. ಈ ಸಲ ಅವ್ರೇ ಬರ್ತೀವಿ ಅಂದಾರ, ಎಲ್ಲಾರೂ. ಅದೊಂದು ಆಗ್ಲಿ. ಆಮ್ಯಾಲ ನಾನೇ ಬಿಡ್ತೀನಿ. ಅಲ್ಲೀತನಾ ಸುಮ್ಕಿರ್ತಿ?"

ಸುಮ್ಮನಿರುತ್ತೇನೆ ಎಂದೆ. ರೇಣುಕಾಗಾದರೂ ಗೊತ್ತೇ ಎಂದು ಕೇಳಿದೆ.

"ಆಕಿಗಿ ಗೊತ್ತಾದ್ರ ಆಕಿ ಅತ್ತಿಗಿ ಗೊತ್ತಾಗ್ತದ" ಎಂದಳು. "ಕುಣಿಯಾಕಿ ಜೊತಿಗಿ ಕುರುಡಿ ಅಂತಾರ."

ನಿಲಂಗಾ

ನಿಲಂಗಾದ ಸಭಾಂಗಣ ಧಾನ್ಯದ ಮಾರುಕಟ್ಟೆಯ ಹಿಂದೆ. ತೊಗರಿಯ ಧೂಳು ಕಿಟಕಿಗಳಿಂದ ಬಂದು ದೀಪಗಳ ಮುಂದೆ ತೇಲುತ್ತಿತ್ತು. ಬೆಳಕಿನ ಕಂಬ ಕಾಣಲೆಂದು ನಮ್ಮಲ್ಲಿ ಹೊಗೆಯ ಯಂತ್ರ ಇಡುತ್ತೇವೆ. ಇಲ್ಲಿ ಮಾರುಕಟ್ಟೆಯೇ ಆ ಕೆಲಸ ಮಾಡಿತು. ಸಭಾಂಗಣದ ಬಾಗಿಲಲ್ಲಿ ಕೋರ್ಟಿನಿಂದ ತಪ್ಪಿಸಿಕೊಂಡು ಬಂದವರ ಹಾಗೆ ಇಬ್ಬರು ವಕೀಲರು ಕರಿಕೋಟಿನಲ್ಲೇ ಕುಳಿತು ನನ್ನ ತಾಲೀಮು ನೋಡಿದರು. "ಇದಕ್ಕ ಎಷ್ಟ ವರ್ಷ ಕಲೀಬೇಕ್ರಿ?" "ಹತ್ತು." "ಅಷ್ಟರಾಗ ನಾವೊಂದು ಜಮೀನಿನ ಕೇಸ್ ಮುಗಸ್ತೀವಿ." "ಸುಳ್ಳು ಹೇಳಬ್ಯಾಡೋ ಮಾರಾಯ, ಮ್ಯಾಲ ದೀಪ ಅದ" ಎಂದು ಇನ್ನೊಬ್ಬ ವಕೀಲ ಅವನನ್ನು ತಿವಿದ.

ಸುಧಾಕರ ಮೈಕಿನವರ ಜೊತೆ ಇದ್ದಾಗ ಮಾಳವ್ವನನ್ನು ರಂಗದ ಮೇಲೆ ಕರೆದೆ. ಬಾಡಿಗೆಯ ದೀಪಗಳು ಹಳೆಯವು. ಹೊಸ ಕಾಲದವು ತಣ್ಣಗಿರುತ್ತವೆ. ಇವುಗಳೊಳಗೆ ನಿಜವಾದ ಉರಿ ಇದೆ. ಚೌಕಟ್ಟೂ ತಗ್ಗಿನಲ್ಲಿತ್ತು. ಎರಡು ದೀಪಗಳನ್ನು ಕಿರಿದು ಮಾಡಿ ಅವಳ ಮುಖದ ಮೇಲೆ ಬಿಟ್ಟೆ.

"ಏನಾದರೂ ಗೊತ್ತಾಗುತ್ತಾ?"

"ಬೆಚ್ಚಗದ" ಎಂದಳು. ನಾನು ದೀಪವನ್ನು ಒಂದು ಗೇಣು ಮುಂದೆ ಸರಿಸಿದೆ. "ಕೆನ್ನಿ ಬಿಟ್ಟು ಹೋತು." ಒಂದು ಹೆಜ್ಜೆ ಇಟ್ಟಳು. "ಸಿಕ್ತು."

ಆ ಮಧ್ಯಾಹ್ನವನ್ನು ನಾನು ನನ್ನ ಕೆಲಸದ ಅತ್ಯುತ್ತಮ ದಿನ ಎಂದು ಬಹಳ ಕಾಲ ಹೇಳಿಕೊಂಡೆ. ಅವಳ ಒಂದು ಹೆಜ್ಜೆಗೆ ಎಷ್ಟು ಹೊತ್ತು, ನುಡಿಯ ಕೊನೆಯಲ್ಲಿ ಉಸಿರಿಗೆ ಎಷ್ಟು ಹೊತ್ತು, ಎಲ್ಲವನ್ನೂ ಬೋರ್ಡಿಗೆ ಕಲಿಸಿದೆ. ಡೊಳ್ಳಿನ ಮುಂದೆ ಮೊದಲ ಜಾಗ. ಅಲ್ಲಿಂದ ಮೂರು ಹೆಜ್ಜೆಗೆ ಎರಡನೆಯದು, ಬಲಕ್ಕೆ ತಿರುಗಿ ಮೂರನೆಯದು, ರಂಗದ ಅಂಚಿಗೆ ಎರಡು ಮೊಳ ಇರುವಾಗ ನಾಲ್ಕನೆಯದು. ಅವಕ್ಕೆ ಮಾಳವ್ವ ಒಂದು, ಮಾಳವ್ವ ಎರಡು, ಮೂರು, ನಾಲ್ಕು ಎಂದು ಹೆಸರಿಟ್ಟೆ. ಗುಂಡಿ ಒತ್ತಿದರೆ ಬೆಳಕು ಹೊರಡುತ್ತಿತ್ತು, ಅವಳು ಅದರ ಕಾವಿನ ಹಿಂದೆ ಹೊರಡುತ್ತಿದ್ದಳು. ನೋಡುವವರಿಗೆ ಬೆಳಕೇ ಅವಳ ಹಿಂದೆ ಬರುತ್ತಿರುವ ಹಾಗೆ ಕಾಣುತ್ತಿತ್ತು. ಒಂದು ದೀಪವನ್ನು ಬರೆಯುವ ಹಾಗೆ ನಾನು ಒಬ್ಬ ಹೆಂಗಸನ್ನು ಬರೆದಿದ್ದೆ. ಆಗ ಇದು ಭಯ ಹುಟ್ಟಿಸಲಿಲ್ಲ.

ಆ ಸಂಜೆ ಅವಳು ಹಾಡಿದ್ದನ್ನು ವಿವರಿಸುವುದಿಲ್ಲ. ಜನ ಡಬ್ಬಿ ಮುಚ್ಚಿದರು, ಅಷ್ಟು ಸಾಕು. ಕೊನೆಯಲ್ಲಿ ಭಂಡಾರ ಎರಚಿದರು, ಗಾಳಿ ಹಳದಿಯಾಯಿತು, ದೀಪದ ಫ್ಯಾನುಗಳು ಕೆಮ್ಮಿದವು. ಸುಧಾಕರ ನನ್ನನ್ನು ತಬ್ಬಿಕೊಂಡ. "ಮಾವಶಿಗೆ ಕೊನೆಗೂ ಬೆಳಕು ಅರ್ಥವಾಯಿತು ನೋಡಿ ಸರ್!" ಪಕ್ಕದಲ್ಲಿ ಅವನ ಅಣ್ಣನ ಮಗಳು ನಿಂತಿದ್ದಳು, ಒಳ್ಳೆಯ ಹುಡುಗಿ. ಅವಳ ತುಟಿಗಳು ಇನ್ನೂ ಹಾಡಿನ ಜೊತೆ ಅಲುಗುತ್ತಿದ್ದವು.

ಮಾಳವ್ವ ಇಳಿಯುವಾಗ ನನ್ನ ತೋಳು ಹಿಡಿದಳು, ಆಶೀರ್ವಾದ ಮಾಡುವವಳ ಹಾಗೆ. ಮೆಟ್ಟಿಲು ಮುಗಿಯುವವರೆಗೂ ಬಿಡಲಿಲ್ಲ.

ಉದಗೀರ

ಇಲ್ಲಿ ನನ್ನ ನೆನಪು ಎರಡಾಗುತ್ತದೆ.

ಮೊದಲು ಎರಡಕ್ಕೂ ಸಾಮಾನ್ಯವಾದದ್ದು. ಉದಗೀರದ ಸಭಾಂಗಣದಲ್ಲಿ ಸಂಜೆ ಯಾರದೋ ಮದುವೆಯ ಅರಿಶಿನದ ಶಾಸ್ತ್ರ ಇತ್ತು. ಹಾಗಾಗಿ ನಮ್ಮ ಪ್ರಯೋಗ ಮಧ್ಯಾಹ್ನ ಮೂರಕ್ಕೆ ಬಂತು. ಕಿಟಕಿಗಳಿಗೆ ತಾಡಪತ್ರಿ ಕಟ್ಟಿ ಕತ್ತಲು ಮಾಡಿದೆವು. ರಂಗ ನಿಲಂಗಾದ್ದಕ್ಕಿಂತ ಕಡಿಮೆ ಆಳದ್ದು. ಮುಂದೆ ಎದೆಯೆತ್ತರದ ಇಳಿತ, ಕೆಳಗೆ ಸಿಮೆಂಟು, ಅಡ್ಡಕ್ಕೆ ಏನೂ ಇಲ್ಲ.

ಪ್ರತಿ ಹೊಸ ಊರಿನಲ್ಲಿ ದೀಪಗಳಿಗೆ ಜಾಗಗಳನ್ನು ಮತ್ತೆ ಕಲಿಸಬೇಕು. ಚೌಕಟ್ಟು ಸ್ವಲ್ಪ ಆಚೀಚೆ ಆದರೂ ಹಳೆಯ ಜಾಗ ಬೇರೆಲ್ಲೋ ಬೀಳುತ್ತದೆ. ನಿಲಂಗಾದ ಮಾಳವ್ವ ನಾಲ್ಕನ್ನು ಹಚ್ಚಿ ನೋಡಿದೆ. ಬೆಳಕು ರಂಗ ದಾಟಿ, ಮೊದಲ ಸಾಲಿನ ಕುರ್ಚಿಗಳ ಮುಂದಿನ ನೆಲದ ಮೇಲೆ ಬಿತ್ತು. ಅದರ ಹಿಂದೆ ನಡೆದರೆ ಅವಳು ಅಂಚಿನಿಂದ ಕೆಳಗೆ. ಕೂಡಲೇ ಎರಡನೆಯ, ಮೂರನೆಯ, ನಾಲ್ಕನೆಯ ಕ್ಯೂಗಳಿಂದ ಜಾಗವನ್ನು ಅಳಿಸಿಬಿಟ್ಟೆ. ಮೊದಲನೆಯದನ್ನು ಮಾತ್ರ ಹೊಸದಾಗಿ ಸರಿಮಾಡಿದೆ. ಮಾಳವ್ವ ಬಂದ ಮೇಲೆ ಅವಳನ್ನು ನಡೆಸಿ ಉಳಿದದ್ದು ಬರೆಯೋಣ ಎಂದು.

ಈ ಬೋರ್ಡಿಗೆ ಒಂದು ಗುಣವಿದೆ. ಒಂದು ಕ್ಯೂನಲ್ಲಿ ಹೇಳಿದ ಮಾತನ್ನು, ಬೇರೆ ಹೇಳುವವರೆಗೆ, ಮುಂದಿನ ಕ್ಯೂಗಳಿಗೂ ಹೊತ್ತು ನಡೆಯುತ್ತದೆ. ಬಣ್ಣ ಬದಲಿಸು ಎಂದರೆ ಬಣ್ಣ ಬದಲಿಸುತ್ತದೆ. ಎಲ್ಲಿಗೆ ಹೋಗು ಎಂದು ಹೇಳದಿದ್ದರೆ ಇದ್ದಲ್ಲೇ ಇರುತ್ತದೆ. ಈ ಕೆಲಸದವರೆಲ್ಲ ಮೊದಲ ವರ್ಷವೇ ಕಲಿಯುವ ಪಾಠ ಇದು.

ಮಾಳವ್ವ ಮಗಳ ಮನೆಗೆ ಊಟಕ್ಕೆ ಹೋದವಳು ಬರುವುದು ತಡವಾಯಿತು. ಬಂದಾಗ ಎರಡೂವರೆ. ಹೊಸ ಇಳಕಲ್ ಸೀರೆ ಉಟ್ಟಿದ್ದಳು, ಮಗಳು ಕೊಟ್ಟದ್ದು. "ತಮ್ಮಾ, ಎಲ್ಲಾರೂ ಬರ್ಲಕತ್ತಾರ. ಅತ್ತಿನೂ" ಎಂದಳು. "ದಾರಿ ತಯಾರದ?"

"ಇದೆ" ಎಂದೆ.

ಒಂದನೆಯ ನೆನಪು: ಆ ಕ್ಷಣಕ್ಕೆ ಸುಧಾಕರ ನನ್ನನ್ನು ಕರೆದ, ಒಂದು ಮೈಕು ಕಿರುಚುತ್ತಿತ್ತು, ಜನ ಒಳಗೆ ಬಂದರು, ನಾನು ಬೇರೆ ದೃಶ್ಯಗಳ ಜಾಗ ಸರಿಮಾಡಲು ಓಡಿದೆ, ಅವಳ ಮೂರು ಜಾಗಗಳು ಮರೆತುಹೋದವು. 'ಇದೆ' ಎಂದದ್ದು ಬಾಯಿಮಾತು.

ಎರಡನೆಯ ನೆನಪು: ಮೈಕಿನ ಗಲಾಟೆ ಮುಗಿದ ಮೇಲೆ ಯಾರೋ ಟೀ ಕೊಟ್ಟರು. ಅದನ್ನು ಕುಡಿಯುತ್ತಾ ಬೋರ್ಡಿನ ಮುಂದೆ ಕುಳಿತಿದ್ದೆ. ಸಮಯವಿತ್ತು. ರಂಗದ ಅಂಚು, ಕೆಳಗಿನ ಸಿಮೆಂಟು ಕಾಣುತ್ತಿತ್ತು. ಬೆಳಕು ಕದಲದಿದ್ದರೆ ಇವಳು ಬೀಳುವುದಿಲ್ಲ ಎಂದು ಯೋಚಿಸಿದೆ. ಟೀ ಕುಡಿದದ್ದು ಖಚಿತ, ಬಹಳ ಸಿಹಿ ಇತ್ತು. ಆ ಯೋಚನೆ ಟೀ ಕುಡಿಯುವಾಗ ಬಂದದ್ದೇ, ಅಥವಾ ಮರಳುವ ಬಸ್ಸಿನಲ್ಲಿ ಹುಟ್ಟಿ ಹಿಂದಕ್ಕೆ ಹೋಗಿ ಟೀ ಲೋಟದ ಪಕ್ಕ ಕುಳಿತದ್ದೇ, ಹೇಳಲಾರೆ. ಫೈಲು ಇವತ್ತಿಗೂ ನನ್ನ ಹತ್ತಿರ ಇದೆ. ಮೂರು ಕ್ಯೂಗಳಲ್ಲಿ ಜಾಗ ಖಾಲಿ ಇದೆ. ಯಾಕೆ ಖಾಲಿ ಎಂದು ಬರೆದಿಲ್ಲ.

ಮಾಳವ್ವ ಕತ್ತಲಲ್ಲಿ ಸಿದ್ದಪ್ಪನ ಹೆಗಲು ಹಿಡಿದು ಬಂದು ಡೊಳ್ಳಿನ ಮುಂದೆ ನಿಂತಳು. ಮೊದಲ ಕ್ಯೂ. ಬೆಳಕು ಸರಿಯಾಗಿ ಮುಖದ ಮೇಲೆ. ಮೂರನೆಯ ಸಾಲಿನಲ್ಲಿ ಒಂದು ಇಡೀ ಕುಟುಂಬ ಸೆಟೆದು ಕುಳಿತಿತ್ತು. ನಡುವೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡವಳು ರೇಣುಕಾ ಇರಬೇಕು ಎಂದುಕೊಂಡೆ, ಗಲ್ಲ ಹಾಗೇ ಇತ್ತು. ಮೊದಲ ನುಡಿ ಮುಗಿಯಿತು. ಗುಂಡಿ ಒತ್ತಿದೆ. ಬೆಳಕು ಬಿಳಿಯಿಂದ ಕೇಸರಿಯಾಯಿತು. ಕದಲಲಿಲ್ಲ.

ಅವಳು ಎತ್ತಿದ ಕಾಲನ್ನು ಮತ್ತೆ ಅಲ್ಲೇ ಊರಿದಳು. ಕೊನೆಯ ಸಾಲನ್ನು ಇನ್ನೊಮ್ಮೆ ಹಾಡಿದಳು. ಸಿದ್ದಪ್ಪ ಹಿಂದಿನಿಂದ ತಾಳ ಹಿಗ್ಗಿಸಿದ. ಅವಳು ಮೂರನೆಯ ಸಲ ಹಾಡುತ್ತ ಬಲಗೈಯನ್ನು ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ಗಾಳಿಯಲ್ಲಿ ಬೆಚ್ಚಗಿನದನ್ನು ಹುಡುಕಿದಳು. ಜನ ಅದನ್ನು ಅಭಿನಯ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಗಾಬರಿಯಲ್ಲಿ ನಾನು ದೀಪಗಳನ್ನು ಕೈಯಲ್ಲೇ ನಡೆಸಲು ಬೋರ್ಡಿನ ಚಕ್ರ ಹಿಡಿದೆ. ಆ ಎರಡು ದೀಪಗಳನ್ನು ಎದುರುಬದುರಾಗಿ ಕಟ್ಟಿದ್ದೆವು. ಬರೆದಿಟ್ಟ ಜಾಗಗಳಿಗೆ ಅವು ಒಟ್ಟಿಗೆ ಬರುತ್ತವೆ. ಕೈಯಲ್ಲಿ ಒಂದೇ ಚಕ್ರ ತಿರುಗಿಸಿದರೆ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಓಡುತ್ತದೆ. ಅದು ನನಗೆ ಗೊತ್ತಿತ್ತು. ಆದರೂ ತಿರುಗಿಸಿದೆ. ಬೆಳಕು ಅವಳ ಮುಖದ ಮೇಲೆ ಸೀಳಿ ಎರಡು ಕಡೆ ಹೋಯಿತು. ಅವಳು ಒಂದರ ಕಡೆ ತಿರುಗಿದಳು, ಆಮೇಲೆ ಇನ್ನೊಂದರ ಕಡೆ. ಹಾಡು ನಿಂತಿತು.

"ತಮ್ಮಾ," ಎಂದಳು. ಮೈಕಿನಲ್ಲಿ ಅದು ಇಡೀ ಸಭಾಂಗಣಕ್ಕೆ ಕೇಳಿಸಿತು. "ಬೆಳಕ ಎಲ್ಲಿ ಒಯ್ದೆಪ್ಪಾ?"

ಮುಂದಿನ ಸಾಲಿನವರು ನಕ್ಕರು. ಅವಳು ಎರಡು ಕೈಗಳನ್ನೂ ಚಾಚಿ ಮತ್ತೆ ಅದನ್ನೇ ಕೇಳಿದಳು. ಈ ಸಲ ಯಾರೂ ನಗಲಿಲ್ಲ. ರೇಣುಕಾ ಮಗುವನ್ನು ಅತ್ತೆಯ ತೊಡೆಗೆ ಹಾಕಿ ಪಕ್ಕದ ಮೆಟ್ಟಿಲು ಹತ್ತಿ ಓಡಿ ಬಂದು ಅವಳ ಕೈ ಹಿಡಿದಳು. ಮಾಳವ್ವ ಕಿತ್ತುಕೊಂಡಳು.

"ಬಿಡು! ನಂದಿನ್ನಾ ಮುಗದಿಲ್ಲ! ನಾ ಬಿದ್ದ ಮ್ಯಾಲ ಹಾಡೀಯಂತ!"

ತನ್ನ ಜಾಗಕ್ಕೆ ಸುಧಾಕರನ ಅಣ್ಣನ ಮಗಳು ಬಂದಳೆಂದು ಮಾಳವ್ವ ತಿಳಿದಿದ್ದಳು. ರೇಣುಕಾ ಏನೂ ಅರ್ಥವಾಗದೆ ಅಲ್ಲೇ ನಿಂತಳು.

"ಲೈಟ್ ಬಂದ್ ಕರಾ! ಬಂದ್ ಕರಾ!" ರಂಗದ ಬದಿಯಿಂದ ಸುಧಾಕರ ಕೂಗಿದ. ನಾನು ಆರಿಸಿದೆ. ಪೂರಾ ಕತ್ತಲು. ಬೆಳಕು ನನ್ನ ಕೈಯಲ್ಲಿತ್ತು, ಮೈಕು ನನ್ನ ಕೈಯಲ್ಲಿರಲಿಲ್ಲ. ಕತ್ತಲಲ್ಲಿ ಕುಳಿತ ಅಷ್ಟೂ ಜನಕ್ಕೆ ಎರಡೂ ಬದಿಯ ಪೆಟ್ಟಿಗೆಗಳಿಂದ ತಾಯಿ ಮಗಳು ಮಾತಾಡುವುದು ಕೇಳಿಸಿತು.

"ಯವ್ವಾ, ನಾನಬೇ. ರೇಣುಕಾ."

ಉಸಿರು. ಬಳೆಗಳ ಸದ್ದು.

"ಎಷ್ಟ ದಿನಾತಬೇ ಕಾಣಲಾರ್ದs?"

"ಹಳೂಕ ಮಾತಾಡು," ಎಂದಳು ಮಾಳವ್ವ. "ನಿಮ್ಮತ್ತಿ ಕೇಳ್ತಾಳ."

ಉದಗೀರ, ಹೊರಗೆ

ನಾಟಕ ಅಲ್ಲಿಗೆ ಮುಗಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸುಧಾಕರನ ಅಣ್ಣನ ಮಗಳು ಬಂದು ಮೊದಲ ಜಾಗದಲ್ಲಿ ನಿಂತು ನಾಲ್ಕೂ ನುಡಿ ಹಾಡಿದಳು. ಚೆನ್ನಾಗಿ ಹಾಡಿದಳು. ಬೆಳಕು ಕದಲದೇ ಇದ್ದದ್ದು ಯಾರಿಗೂ ಕೊರತೆ ಅನ್ನಿಸಲಿಲ್ಲ.

ಮುಗಿದಾಗ ಹೊರಗೆ ಇನ್ನೂ ಬಿಸಿಲಿತ್ತು. ಮದುವೆಯವರು ಆಗಲೇ ಚೆಂಡುಹೂವು ಇಳಿಸುತ್ತಿದ್ದರು. ಮಾಳವ್ವ ಸಭಾಂಗಣದ ಗೋಡೆಗೆ ಒರಗಿ ಕುಳಿತಿದ್ದಳು. ಬೀಗರು ಹೋಗಿಬಿಟ್ಟಿದ್ದರು, ಮಗುವಿನ ಸಮೇತ. ರೇಣುಕಾ ಆಟೋ ಕರೆಯುತ್ತಿದ್ದವಳು ನನ್ನನ್ನು ಕಂಡು ಹತ್ತಿರ ಬಂದಳು.

"ಲೈಟಿನವ್ರು ನೀವೇ ಅಲ್ರಿ? ನಿಮಗ ಗೊತ್ತಿತ್ತು?"

"ಗೊತ್ತಿತ್ತು."

"ಯಾವಾಗಿಂದ?"

"ಮೊನ್ನೆಯಿಂದ."

"ಮೊನ್ನೆ ಒಂದು ಫೋನ್ ಮಾಡಿದ್ರ ನಾನೇ ಹಿಂದ ನಿಂದರ್ತಿದ್ದೆ" ಎಂದಳು. "ಹೆಗಲ ಮ್ಯಾಲ ಕೈ ಇಟ್ಟು ನಡಸ್ತಿದ್ದೆ. ಮಗಳು ಜೊತಿಗಿ ನಿಂತಾಳ ಅಂತ ಮಂದಿ ತಿಳೀತಿದ್ರು. ಅಷ್ಟs." ಅವಳು ಅಳುತ್ತಿರಲಿಲ್ಲ. ಮನೆಗೆ ಹೋದ ಮೇಲೆ ಏನು ಕಾದಿದೆ ಎಂಬ ಲೆಕ್ಕ ಅವಳ ಮುಖದಲ್ಲಿ ಆಗಲೇ ನಡೆಯುತ್ತಿತ್ತು.

ಹೆಗಲ ಮೇಲೆ ಒಂದು ಕೈ. ಆರು ದೀಪ, ಒಂದು ಬೋರ್ಡು, ಹತ್ತು ವರ್ಷದ ಕಲಿಕೆ ಇಟ್ಟುಕೊಂಡ ನನಗೆ ಅದು ಹೊಳೆದಿರಲಿಲ್ಲ.

ಮಾಳವ್ವ ಎದ್ದಳು. ಬಿಸಿಲಿನಲ್ಲಿ ಅವಳಿಗೆ ಯಾರ ಕೈಯೂ ಬೇಕಿರಲಿಲ್ಲ. ಚೆಂಡುಹೂವಿನ ಬುಟ್ಟಿಗಳನ್ನು ಸುತ್ತಿ ನೆಟ್ಟಗೆ ನನ್ನ ಮುಂದೆ ಬಂದು ನಿಂತು, ತಲೆಯನ್ನು ಸ್ವಲ್ಪ ಸರಿಸಿ ನನ್ನ ಮುಖವನ್ನು ತನ್ನ ಕಣ್ಣಿನ ನಡುವಿಗೆ ತಂದುಕೊಂಡಳು.

"ಖರೇ ಹೇಳು" ಎಂದಳು. "ಮರ್ತಿ, ಏನ್ ಬೇಕಂತ ಮಾಡ್ದಿ?"

ನಾನು ಬಾಯಿ ತೆರೆಯುವ ಮೊದಲೇ ಅವಳು ಇನ್ನೊಂದು ಮಾತು ಸೇರಿಸಿದಳು. "ಮರ್ತಿದ್ರ ಮರ್ತೆ ಅನ್ನು. ಮನಷ್ಯಾ ಮರೀತಾನ, ಅದನ್ನ ನಾ ತಾಳ್ಕೋತೀನಿ. ಮುದುಕಿ ಬೀಳ್ತಾಳಂತ ಕರುಣಾ ಬಂದು ಮಾಡಿದ್ರ ಮಾತ್ರ ತಾಳಂಗಿಲ್ಲ. ಅಂಥಾ ಕರುಣಾ ಮಾಡವ್ರು ನನಗ ಮನ್ಯಾಗs ಭಾಳ ಮಂದಿ ಅದಾರ."

"ಮರೆತೆ" ಎಂದೆ.

ಉತ್ತರ ತಡವಿಲ್ಲದೆ ಬಂದಿತ್ತು. ನಿಜ ಎಂಬ ಕಾರಣಕ್ಕೋ, ಅವಳು ತಾಳಿಕೊಳ್ಳುವುದು ಯಾವುದೆಂದು ಮೊದಲೇ ಹೇಳಿಕೊಟ್ಟದ್ದಕ್ಕೋ ಗೊತ್ತಿಲ್ಲ.

ಆ ಬಿಸಿಲಿನಲ್ಲಿ ಅವಳಿಗೆ ನನ್ನ ಮುಖ ಚೆನ್ನಾಗಿಯೇ ಕಾಣುತ್ತಿತ್ತು.

"ಆತು" ಎಂದಳು. ತಾನೇ ಆಟೋ ಹತ್ತಿ, ಮಗಳಿಗೆ ಪಕ್ಕದಲ್ಲಿ ಜಾಗ ಬಿಟ್ಟು ಕುಳಿತಳು.